ಒಂದು ಎಕಾರ

ಮೆರ್ಸಿನ್ ಬಂದರು, ಮೀನು ಮಾರುಕಟ್ಟೆಯ ಮೇಲ್ಮಹಡಿ,
ಮಂಗಳವಾರ ಸಂಜೆ. ಮೆಟ್ಟಿಲಿಗೆಲ್ಲ ಐಸು ಕರಗಿದ ನೀರು.
ಹನ್ನೊಂದು ಹೆಂಗಸರು, ಒಂದು ಹಸಿರು ಹಲಗೆ, ನಾನು.
ನಿಂಬೆಹಣ್ಣಿನ ಗೋದಾಮಿನಿಂದ ನೇರ ಬಂದವರು,
ಎಷ್ಟು ತೊಳೆದರೂ ಬೆರಳು ಬಿಡದ ಸಿಪ್ಪೆಯ ಘಾಟು.
ಇವತ್ತಿನ ಪಾಠ: ಇಲ್ಲ ಅನ್ನುವುದು ಹೇಗೆ.

ಮೊದಲನೆಯದಕ್ಕೆ ಬಾಯಿಯೇ ಬೇಡ, ಅಂದೆ.
ಹುಬ್ಬು ಮೇಲಕ್ಕೆ, ಗದ್ದ ಒಂದಿಷ್ಟು ಹಿಂದಕ್ಕೆ,
ನಾಲಿಗೆಯಲ್ಲಿ ಒಂದು 'ಚ್ಚ್'. ಮುಗಿಯಿತು.
ಎಲ್ಲರೂ ನಕ್ಕರು. ಅಲೆಪ್ಪೊದಲ್ಲೂ ಹೀಗೇ, ಹೋಜಮ್,
ನಮ್ಮತ್ತೆ ಇಡೀ ಸಂಸಾರ ನಡೆಸಿದ್ದೇ ಹುಬ್ಬಿನಲ್ಲಿ.

ಆಮೇಲೆ ಯೋಕ್. ಇದು ಇರವಿಗೆ.
ಸಕ್ಕರೆ ಯೋಕ್. ಕರೆಂಟು ಯೋಕ್. ಪುರುಸೊತ್ತು ಯೋಕ್.
ತಪಾಸಣೆಯವರು ಬಂದ ದಿನ ಶಾಕಿರ್ ಉಸ್ತಾ
ಪರ್ಮಿಟ್ಟಿಲ್ಲದವರು ಇಲ್ಲಿ ಯಾರೂ ಯೋಕ್ ಅಂದನಂತೆ;
ಅಷ್ಟರಲ್ಲಿ ಇಪ್ಪತ್ತು ಜನ
ಹಿಂಬಾಗಿಲಿನಿಂದ ಯೋಕ್ ಆಗಿದ್ದರಂತೆ.
ಮೂಲೆಯಂಗಡಿಯ ಬೋರ್ಡು ಮಾತ್ರ 'ಯೋಕ್ ಯೋಕ್':
ಇಲ್ಲ ಅನ್ನುವುದೇ ಇಲ್ಲ, ಗುಂಡುಸೂಜಿಯಿಂದ ಇಲಿಬೋನಿನ ತನಕ.

ದೆಯಿಲ್ ಬೇರೆ. ಅದು ಇಲ್ಲ ಅಲ್ಲ; ಅಲ್ಲ.
ಸಿಹಿ ದೆಯಿಲ್. ದೂರ ದೆಯಿಲ್. ನಾನು ಅವಳು ದೆಯಿಲ್.

ಕ್ರಿಯಾಪದಕ್ಕೆ ಬರುವಾಗ ಸೀಮೆಸುಣ್ಣ ಮುರಿಯಿತು.
ನಿಮ್ಮ ಅರಬ್ಬಿಯ 'ಮಾ' ಬಾಗಿಲಲ್ಲೇ ನಿಂತು ಹೇಳಿಬಿಡುತ್ತದೆ,
ಮಾ ಇಜಾ: ಬರಲಿಲ್ಲ. ಕೇಳುವವರಿಗೆ ಮೊದಲೇ ಗೊತ್ತು.
ನಮ್ಮ 'ಮೆ' ಪದದ ಹೊಟ್ಟೆಯೊಳಗಿರುತ್ತದೆ.
ಗೆಲ್ ಅಂದರೆ ಬರುವುದು. ಗೆಲ್ ಅಂದಾಗ
ಅವನಿನ್ನೂ ಮೆಟ್ಟಿಲ ಮೇಲಿದ್ದಾನೆ, ಬೂಟಿನ ಸದ್ದಿದೆ;
ಮೆ ಅಂದಾಗ ಸದ್ದು ನಿಲ್ಲುತ್ತದೆ;
ದಿ ಅಂದರೆ ಆಗಿಹೋಯಿತು.
ಗೆಲ್, ಮೆ, ದಿ. ಗೆಲ್ಮೆದಿ.
ಹಲಗೆಯ ಮೇಲೆ ಮೂರು ಗೆರೆ ಎಳೆದೆ.

ಹಿಂದಿನ ಸ್ವರದ ಮುಖ ನೋಡಿ ಅದು ಮೆ, ಇಲ್ಲವೇ ಮ;
ಯೋರ್ ಎದುರಾದರೆ ಬಡವಾಗಿ ಮಿ: ಗೆಲ್ಮಿಯೋರ್, ಬರುತ್ತಿಲ್ಲ.
ಗೆಲ್ಮೆಜ್ ಅಂದರೆ ಬಾರ. ಅದು ಸ್ವಭಾವ, ಗಡಿಯಾರ ನೋಡುವುದಿಲ್ಲ.
ಇನ್ನು ಗೆಲ್ಮೆ. ಗೆಲ್ ಅನ್ನುವುದನ್ನು ಒತ್ತಿದರೆ ಬರಬೇಡ,
ಮೆ ಅನ್ನುವುದನ್ನು ಒತ್ತಿದರೆ ಬರುವಿಕೆ.
ಕಾಗದದ ಮೇಲೆ ಹೇಗೆ ಗೊತ್ತಾಗುತ್ತೆ? ಹನಾದಿ ಕೇಳಿದಳು.
ಒಂಟಿ ಪದವಾದರೆ ಗೊತ್ತಾಗುವುದಿಲ್ಲ, ಅಂದೆ.
ಇಪ್ಪತ್ತಾರು ವರ್ಷದಿಂದ ಇದೇ ಉತ್ತರ ಕೊಡುತ್ತಿದ್ದೇನೆ.

ಗುರುವಾರ ರಬಾಬ್ ಜೊತೆ ವಲಸೆ ಕಚೇರಿಗೆ ಹೋದೆ.
ಚೀಟಿಯ ನಂಬರು ಇನ್ನೂರ ಹದಿನೇಳು.
ಗಾಜಿನಾಚೆಯ ಹುಡುಗ ತಲೆಯೆತ್ತದೆ
ಗಂಡ? ಎಂದ. ಅವಳು ಸುಮ್ಮನಿದ್ದಳು.
ತಾನೇ ಉಚ್ಚರಿಸಿಕೊಂಡು ಟೈಪು ಮಾಡಿದ: ಗೆಲ್ಮೆದಿ.
ರಬಾಬ್ ಹುಬ್ಬೆತ್ತಿದಳು, ಗದ್ದ ಹಿಂದಕ್ಕೆ. ಅವನು ನೋಡಲಿಲ್ಲ.
ಉಂಗುರದ ಬೆರಳಿಂದ ಗಾಜು ತಟ್ಟಿದಳು.
ಗೆಲ್ಮೆದಿ ದೆಯಿಲ್, ಅಂದಳು.
ಗೆಲೆಮೆದಿ.

ಹುಡುಗ ಹಿಂದಕ್ಕೆ ಅಳಿಸಿದ, ನಾಲ್ಕು ಅಕ್ಷರ. ಎಣಿಸಿದೆ.

ಆ ಎಕಾರ ನಾನು ಕಲಿಸಿದ್ದಲ್ಲ.
ಅದು ಹದಿನಾಲ್ಕನೆಯ ಪಾಠ, ಮಾರ್ಚ್ ತಿಂಗಳಿನದು:
ಗೆಲ್ ಮತ್ತು ಮೆ ನಡುವೆ ಒಂದು ಎ ಇಟ್ಟರೆ
ಬರಲಿಲ್ಲ ಹೋಗಿ ಬರಲಾಗಲಿಲ್ಲ.
ಎಲ್ಲಿ ಹೆಕ್ಕಿಕೊಂಡಳೋ, ಡಾಲ್ಮುಷ್ ವ್ಯಾನಿನಲ್ಲೋ,
ನಿಂಬೆಗೆ ಕಾಗದ ಸುತ್ತುವಾಗ ಪಕ್ಕದವಳ ಬಾಯಿಂದಲೋ.
ಅದರೊಳಗೆ ಏನಿತ್ತು, ಒಂದು ಚೆಕ್‌ಪೋಸ್ಟೋ, ನದಿಯೋ,
ಕೆಲಸ ಮಾಡದ ಒಂದು ಕಾಲೋ,
ಕೇಳಲಾಗಲಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ.
ಕೇಳಲಿಲ್ಲ.

ಮಕ್ಕಳು? ಎಂದ ಹುಡುಗ, ಈ ಸಲ ತಲೆಯೆತ್ತಿ.
ವಾರ್, ಅಂದಳು ರಬಾಬ್. ಇದ್ದಾರೆ.
ಎರಡು ಬೆರಳು ತೋರಿಸಿದಳು, ನಿಂಬೆಗೆ ಹಳದಿಯಾದವು.